ಯಾರನ್ನೂ ಬಿಡದ ರಕ್ಷಣೆ

(ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಮೈಸೂರಿನ ಒಂದು ಚರ್ಚ್ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳಲು ಕಥೋಲಿಕರಿದ್ದರು, ಪ್ರಾಟೆಸ್ಟೆಂಟರ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯವರಿದ್ದರು, ಮಂಡ್ಯ ಕಡೆಯಿಂದ ಬಂದ ಕೆಲವು ಹಿಂದೂ ಸ್ನೇಹಿತರೂ ಇದ್ದರು.)

ಬಂಧುಗಳೇ, ಸಂಜೆ ಹೊತ್ತು ಸಂತ ಫಿಲೋಮಿನಾ ಚರ್ಚಿನ ಸುತ್ತಮುತ್ತಲ ಬೀದಿಗಳಲ್ಲಿ ನಡೆದರೆ ಒಂದಲ್ಲ ಒಂದು ಮನೆಯಿಂದ ಜಪಸರದ ದನಿ ಕೇಳುತ್ತದೆ. ಹತ್ತು ಮಣಿ ಮುಗಿದಾಗಲೆಲ್ಲ ಒಂದು ಚಿಕ್ಕ ಪ್ರಾರ್ಥನೆ ಬರುತ್ತದೆ. 1917ರಲ್ಲಿ ಪೋರ್ಚುಗಲ್ ದೇಶದ ಫಾತಿಮಾದಲ್ಲಿ ಮೂವರು ಮಕ್ಕಳಿಗೆ ಮಾತೆ ಮರಿಯ ಕಲಿಸಿಕೊಟ್ಟಳು ಎಂದು ಕಥೋಲಿಕರು ನಂಬುವ ಪ್ರಾರ್ಥನೆ ಅದು. ನಮ್ಮ ಪಾಪ ಕ್ಷಮಿಸು, ನರಕದ ಬೆಂಕಿಯಿಂದ ಕಾಪಾಡು, ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಕರೆದುಕೊಂಡು ಹೋಗು, ಅದರಲ್ಲೂ ನಿನ್ನ ಕರುಣೆ ಯಾರಿಗೆ ಜಾಸ್ತಿ ಬೇಕೋ ಅವರನ್ನು. ಇಷ್ಟೇ ಅದರ ಸಾರ.

ದಿನಾ ಹೇಳುತ್ತೇವೆ. ಮಕ್ಕಳಿಗೂ ಬಾಯಿಪಾಠ. ನಾನು ಇವತ್ತು ಕೇಳುವುದು ಒಂದೇ ಪ್ರಶ್ನೆ. ಈ ಪ್ರಾರ್ಥನೆ ಈಡೇರುತ್ತದೆ ಅಂತ ನಾವು ನಿಜವಾಗಿ ಎದುರು ನೋಡುತ್ತೇವಾ? ಇಲ್ಲವೆಂದಾದರೆ ಆಗದ್ದನ್ನು ಆಗಲಿ ಎಂದು ಸುಮ್ನೆ ಬಾಯಿಮಾತಿಗೆ ಕೇಳುತ್ತಿದ್ದೇವಾ?

ಸಿಎಸ್‌ಐ ಸಭೆಯವರು ಜಪಸರ ಹೇಳುವುದಿಲ್ಲ, ಗೊತ್ತು. ಆದರೆ ನಮ್ಮ ಮೈಸೂರು ಸೀಮೆಯಲ್ಲಿ ನಿಮ್ಮ ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಮಾಡಿದ ಪ್ರಸಂಗ ನೆನಪಿಸಿಕೊಳ್ಳಿ. ದೇವರು ಕೆಲವರನ್ನು ಮೊದಲೇ ಆರಿಸಿಕೊಂಡು ಉಳಿದವರನ್ನು ಕೈಬಿಟ್ಟಿದ್ದಾನೆ ಎಂಬ ಬೋಧನೆಯನ್ನು ಅವರು ಕಟುವಾಗಿ ಖಂಡಿಸಿದರು. ಕೃಪೆ ಎಲ್ಲರಿಗೂ ಇದೆ, ಬಿಟ್ಟಿಯಾಗಿಯೇ ಇದೆ ಎಂದರು. ಎಲ್ಲರೂ ರಕ್ಷಣೆ ಹೊಂದಿಯೇ ತೀರುತ್ತಾರೆ ಎನ್ನುವಲ್ಲಿಗೆ ವೆಸ್ಲಿ ಹೋಗಲಿಲ್ಲ. ಆದರೆ ಬಾಗಿಲವರೆಗೆ ನಮ್ಮನ್ನು ತಂದು ನಿಲ್ಲಿಸಿದರು.

ನಾನು ನಂಬುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ದೇವರು ಕೊನೆಗೆ ಪ್ರತಿಯೊಬ್ಬರನ್ನೂ ತನ್ನ ಬಳಿಗೆ ಕರೆತರುತ್ತಾನೆ. ತೀರ್ಪು ಇದೆ. ನರಕವೂ ಇದೆ, ಅದು ಸುಡುತ್ತದೆ. ಆದರೆ ಅದು ಯಾರಿಗೂ ಕೊನೆಯ ನಿಲ್ದಾಣವಲ್ಲ. ಇದು ಹೊಸ ಕಾಲದ ಸಡಿಲ ಮಾತು ಎಂದು ಕೆಲವರು ಭಾವಿಸುತ್ತಾರೆ. ಅಲ್ಲ. ಸಭೆಯ ಮೊದಲ ಶತಮಾನಗಳಿಂದಲೂ ಬಂದ ಮಾತಿದು.

ಬೈಬಲಿನಲ್ಲಿರುವ ಪ್ರೇಷಿತ ಪೌಲನ ಪತ್ರಗಳನ್ನೇ ನೋಡಿ. ಆದಾಮನಲ್ಲಿ ಎಲ್ಲರೂ ಸಾಯುವ ಹಾಗೆ ಕ್ರಿಸ್ತನಲ್ಲಿ ಎಲ್ಲರೂ ಜೀವ ಪಡೆಯುತ್ತಾರೆ ಎನ್ನುತ್ತಾನೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ. ಸಾವಿನ ಲೆಕ್ಕಕ್ಕೆ ಎಲ್ಲರನ್ನೂ ಸೇರಿಸಿಕೊಂಡು, ಜೀವದ ಲೆಕ್ಕಕ್ಕೆ ಮಾತ್ರ ಕೆಲವರನ್ನು ಇಟ್ಟುಕೊಳ್ಳುವುದು ಯಾವ ನ್ಯಾಯ? ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಎಲ್ಲರಿಗೂ ಕರುಣೆ ತೋರಬೇಕೆಂದೇ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಕೂಡಿಹಾಕಿದ್ದಾನೆ ಎನ್ನುತ್ತದೆ. ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಷ್ಟ ಎಂದು ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ. ದೇವರ ಇಷ್ಟ ಶಾಶ್ವತವಾಗಿ ಸೋಲುತ್ತದೆ ಎನ್ನುವ ಧೈರ್ಯ ನನಗಿಲ್ಲ.

ಈಗ ನಿಮ್ಮನ್ನು 379ನೇ ಇಸವಿಗೆ ಕರೆದುಕೊಂಡು ಹೋಗಬೇಕು. ಈಗಿನ ಟರ್ಕಿ ದೇಶದ ಉತ್ತರ ಭಾಗ, ಐರಿಸ್ ನದಿಯ ದಡ. ಮಕ್ರೀನ ಎಂಬ ಹೆಂಗಸು ಸಾಯುವ ಸ್ಥಿತಿಯಲ್ಲಿದ್ದಾಳೆ. ಹಾಸಿಗೆಯಲ್ಲಲ್ಲ, ನೆಲದ ಮೇಲಿನ ಹಲಗೆಯ ಮೇಲೆ ಮಲಗಿದ್ದಾಳೆ. ತಮ್ಮ ಗ್ರೆಗರಿ ನೋಡಲು ಬರುತ್ತಾನೆ. ಅವನು ನಿಸ್ಸಾ ಎಂಬ ಊರಿನ ಬಿಷಪ್. ಗ್ರೆಗರಿಯ ಅಣ್ಣ ಬೇಸಿಲ್ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ತಮ್ಮ ಅಳುತ್ತಾನೆ. ಉಸಿರಾಡಲು ಕಷ್ಟಪಡುತ್ತಿರುವ ಅಕ್ಕ ಅವನಿಗೆ ಸಮಾಧಾನ ಹೇಳುತ್ತಾಳೆ. ಆ ಮಾತುಕತೆಯನ್ನು ಗ್ರೆಗರಿ ಆಮೇಲೆ ಒಂದು ಸಂವಾದವಾಗಿ ಬರೆದ. ಅದರಲ್ಲಿ ಅಕ್ಕನನ್ನು ‘ಗುರು’ ಎಂದೇ ಕರೆಯುತ್ತಾನೆ. ಬಿಷಪ್ ಆದವನು ಶಿಷ್ಯನಾಗಿ ಕೂತು ಪ್ರಶ್ನೆ ಕೇಳುತ್ತಾನೆ.

ಮಕ್ರೀನ ಹೇಳುವುದು ಹೀಗೆ. ದೇವರು ಯಾರನ್ನೂ ಸೇಡಿಗಾಗಿ ನೋಯಿಸುವುದಿಲ್ಲ. ತನ್ನದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಅಷ್ಟೇ. ಆತ್ಮಕ್ಕೆ ಕೆಟ್ಟದ್ದು ಅಂಟಿಕೊಂಡಿರುವುದರಿಂದ ಆ ಎಳೆತ ನೋವಾಗುತ್ತದೆ. ಅಂಟಿದ್ದು ಎಷ್ಟೋ ನೋವೂ ಅಷ್ಟು. ಸಾಲ ಎಷ್ಟಿದೆಯೋ ಅಷ್ಟು ತೀರಲೇಬೇಕು. ಆದರೆ ಸಾಲಕ್ಕೆ ಕೊನೆ ಇದೆ. ಕೆಟ್ಟದ್ದು ಪೂರ್ತಿ ಕರಗಿಹೋದ ಮೇಲೆ ದೇವರು ಎಲ್ಲರಲ್ಲಿಯೂ ಎಲ್ಲವೂ ಆಗಿರುತ್ತಾನೆ.

ಮಂಡ್ಯದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಆಲೆಮನೆ ನೋಡಿದ್ದೀರಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಾ ಬಂದಂತೆ ಕಪ್ಪು ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ತೆಗೆದು ತೆಗೆದು ಎಸೆಯುತ್ತಾರೆ. ಉರಿ ಸಾಲದಿದ್ದರೆ ಕೊಳೆ ಬಿಡುವುದಿಲ್ಲ. ಹಾಗೆಂದು ಹಾಲನ್ನು ಸುಟ್ಟುಹಾಕಲಿ ಅಂತ ಯಾರೂ ಒಲೆ ಹಚ್ಚುವುದಿಲ್ಲ. ಮಕ್ರೀನ ಹೇಳುವ ಬೆಂಕಿ ಈ ಬಗೆಯದು. ಒಬ್ಬನ ಕೆಲಸ ಸುಟ್ಟುಹೋದರೂ ಅವನು ಮಾತ್ರ ಬೆಂಕಿಯೊಳಗಿಂದ ಹಾದುಬಂದವನ ಹಾಗೆ ಉಳಿಯುತ್ತಾನೆ ಎಂದು ಪೌಲನೂ ಬರೆದಿದ್ದಾನೆ.

ಈ ಅಕ್ಕ ತಮ್ಮಂದಿರ ಬದುಕಿನ ಇನ್ನೊಂದು ಸಂಗತಿ ಇದೆ. ನನಗೆ ಅದು ಬಹಳ ಮುಖ್ಯ. ಅವರದು ದೊಡ್ಡ ಜಮೀನ್ದಾರಿ ಮನೆತನ, ಮನೆ ತುಂಬ ಗುಲಾಮರಿದ್ದರು. ಮಕ್ರೀನ ತಾಯಿಯ ಮನವೊಲಿಸಿ, ಆ ದಾಸಿಯರ ಜೊತೆ ಒಂದೇ ಪಂಕ್ತಿ, ಒಂದೇ ಬಗೆಯ ಊಟ, ಒಂದೇ ಬಗೆಯ ಹಾಸಿಗೆ ಎಂಬ ಬಾಳ್ವೆ ಶುರುಮಾಡಿದಳು. ಒಡತಿಯೂ ದಾಸಿಯೂ ಅಕ್ಕತಂಗಿಯರಾದರು. ಅವಳು ತೀರಿಕೊಂಡಾಗ ಮೇಲೆ ಹೊದಿಸಲು ಒಳ್ಳೆಯ ಬಟ್ಟೆ ಕೂಡ ಇರಲಿಲ್ಲ. ಕತ್ತಿನಲ್ಲಿ ಒಂದು ಕಬ್ಬಿಣದ ಶಿಲುಬೆ, ಒಂದು ಉಂಗುರ, ಅಷ್ಟೇ.

ಗ್ರೆಗರಿ ಬೈಬಲಿನ ಉಪದೇಶಕ (ಪ್ರಸಂಗಿ) ಗ್ರಂಥದ ಮೇಲೆ ಪ್ರಸಂಗ ಮಾಡುವಾಗ ಗುಲಾಮಗಿರಿಯ ಮೇಲೆ ಹರಿಹಾಯುತ್ತಾನೆ. ದೇವರ ರೂಪದಲ್ಲಿ ಹುಟ್ಟಿದ ಮನುಷ್ಯನಿಗೆ ಎಷ್ಟು ಕಾಸು ಕೊಟ್ಟೆ? ಯಾವ ಸಂತೆಯಲ್ಲಿ ಕೊಂಡೆ? ಅವನಿಗೆ ಬೆಲೆ ಕಟ್ಟುವ ಯೋಗ್ಯತೆ ಯಾರಿಗಿದೆ? ಹೀಗೆ ಕೇಳುತ್ತಾನೆ. ಆ ಕಾಲದಲ್ಲಿ ಗುಲಾಮಗಿರಿಯೇ ತಪ್ಪು ಎಂದು ಅಷ್ಟು ಖಡಾಖಂಡಿತವಾಗಿ ಹೇಳಿದವರು ಸಿಗುವುದೇ ಕಷ್ಟ.

ಎಲ್ಲರಿಗೂ ರಕ್ಷಣೆ ಎಂಬ ಮಾತು, ಗುಲಾಮಗಿರಿ ತಪ್ಪು ಎಂಬ ಮಾತು, ಎರಡೂ ಒಂದೇ ಬಾಯಿಂದ ಬಂದದ್ದು ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ. ಗ್ರೆಗರಿಯ ಪ್ರಕಾರ ದೇವರ ರೂಪ ಇರುವುದು ಬಿಡಿಬಿಡಿಯಾಗಿ ನನ್ನಲ್ಲಿ, ನಿಮ್ಮಲ್ಲಿ ಅಲ್ಲ. ಮೊದಲ ಮನುಷ್ಯನಿಂದ ಕೊನೆಯ ಮನುಷ್ಯನವರೆಗೆ ಎಲ್ಲರೂ ಸೇರಿದಾಗ ಆ ರೂಪ ಪೂರ್ತಿಯಾಗುತ್ತದೆ. ಹೀಗೆ ನಂಬಿದವನಿಗೆ ಇನ್ನೊಬ್ಬನನ್ನು ಕೊಳ್ಳಲೂ ಆಗುವುದಿಲ್ಲ, ನರಕದಲ್ಲಿ ಬಿಟ್ಟು ಬರಲೂ ಆಗುವುದಿಲ್ಲ. ಊರಾಚೆಗೆ ಜನರನ್ನು ಇಟ್ಟು ಊರು ಕಟ್ಟಿಕೊಂಡವರು ನಾವು. ನಮ್ಮ ಚರ್ಚುಗಳ ಅರ್ಧ ಇತಿಹಾಸ ಆ ಊರಾಚೆಯ ಕೇರಿಗಳಲ್ಲೇ ಇದೆ. ಸ್ವರ್ಗಕ್ಕೂ ಒಂದು ಊರಾಚೆ ಇದೆ, ಅಲ್ಲಿ ಕೆಲವರು ಯಾವಾಗಲೂ ನರಳುತ್ತಿರುತ್ತಾರೆ ಎಂದು ಬೋಧಿಸುವಾಗ ನಾವು ಸ್ವಲ್ಪ ತಡೆದು ಯೋಚಿಸಬೇಕು.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯಕ್ಕೆ ಏನು ಹೇಳುತ್ತೀರಿ ಎಂದು ಕೇಳುತ್ತೀರಿ. ಕೊನೆಯ ತೀರ್ಪಿನಲ್ಲಿ ರಾಜ ಜನರನ್ನು ಕುರಿಗಳು, ಆಡುಗಳು ಎಂದು ಬೇರೆ ಮಾಡುತ್ತಾನೆ, ಆಡುಗಳಿಗೆ ನಿತ್ಯ ಶಿಕ್ಷೆ. ಗ್ರೀಕ್ ಮೂಲದ ಮೇಲೆ ದೊಡ್ಡ ಚರ್ಚೆಯಿದೆ, ಅದಕ್ಕೆ ಇವತ್ತು ಕೈಹಾಕುವುದಿಲ್ಲ. ನನಗೆ ಆ ಮಾತುಗಳು ಹಗುರವೇನಲ್ಲ, ಓದಿದಾಗಲೆಲ್ಲ ಭಯವಾಗುತ್ತದೆ. ಭಯವಾಗಲೆಂದೇ ಯೇಸು ಹೇಳಿದ್ದು. ಅಲ್ಲಿ ರಾಜ ಕೇಳುವ ಪ್ರಶ್ನೆ ಗಮನಿಸಿ. ಯಾವ ಸಭೆ, ಯಾವ ದೀಕ್ಷಾಸ್ನಾನ ಎಂದು ಕೇಳುವುದಿಲ್ಲ. ಹಸಿದವನಿಗೆ ಅನ್ನ ಕೊಟ್ಟೆಯಾ, ಜೈಲಿನಲ್ಲಿದ್ದವನನ್ನು ನೋಡಲು ಹೋದೆಯಾ ಎಂದು ಕೇಳುತ್ತಾನೆ. ಆ ಲೆಕ್ಕದಲ್ಲಿ ನಾವು ಆಡುಗಳ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ, ಅಲ್ವಾ?

ಇನ್ನು ಬೆದರಿಕೆಯ ಮಾತನ್ನು ಬೈಬಲ್ ಹೇಗೆ ಬಳಸುತ್ತದೆ ಎಂಬುದಕ್ಕೆ ಯೋನನ ಕಥೆ ಇದೆ. ‘ನಲವತ್ತು ದಿನ, ಆಮೇಲೆ ನಿನೆವೆ ನಾಶ’ ಎಂದು ಪ್ರವಾದಿ ಯೋನ ಆ ಪಟ್ಟಣದಲ್ಲಿ ಸಾರುತ್ತಾನೆ. ಮಾತಿನಲ್ಲಿ ‘ಆದರೆ’ ಇಲ್ಲ, ‘ಒಂದು ವೇಳೆ’ ಇಲ್ಲ. ಜನ ಗೋಣಿತಟ್ಟು ಉಟ್ಟು ಮನಸ್ಸು ಬದಲಾಯಿಸಿದರು. ದೇವರೂ ಮನಸ್ಸು ಬದಲಾಯಿಸಿದ. ಸಿಟ್ಟಾದವನು ಪ್ರವಾದಿ ಒಬ್ಬನೇ. ‘ನೀನು ದಯಾಮಯ ಅಂತ ನನಗೆ ಗೊತ್ತಿತ್ತು, ಅದಕ್ಕೇ ಓಡಿಹೋಗಿದ್ದೆ’ ಎಂದು ಜಗಳಕ್ಕೆ ನಿಲ್ಲುತ್ತಾನೆ. ಎಡಗೈ ಬಲಗೈ ಗೊತ್ತಿಲ್ಲದ ಒಂದು ಲಕ್ಷ ಇಪ್ಪತ್ತು ಸಾವಿರ ಜನ ಇದ್ದಾರೆ, ದನಕರುಗಳೂ ಇವೆ, ನಾನು ಮರುಗಬಾರದಾ ಎಂದು ದೇವರು ಕೇಳುವಲ್ಲಿಗೆ ಪುಸ್ತಕವೇ ಮುಗಿದುಹೋಗುತ್ತದೆ. ಯೋನ ಏನು ಉತ್ತರ ಕೊಟ್ಟ ಎಂದು ಬರೆದಿಲ್ಲ.

ಹಾಗಾದರೆ ಸಭೆ ಈ ನಂಬಿಕೆಯನ್ನು ಯಾಕೆ ಪಕ್ಕಕ್ಕಿಟ್ಟಿತು? ಚುಟುಕಾಗಿ ಹೇಳುತ್ತೇನೆ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಜೆನ್ ಇದನ್ನು ವಿಸ್ತಾರವಾಗಿ ಬೋಧಿಸಿದ್ದ. ರೋಮನ್ನರ ಸೆರೆಮನೆಯಲ್ಲಿ ಕ್ರಿಸ್ತನಿಗಾಗಿ ಚಿತ್ರಹಿಂಸೆ ಅನುಭವಿಸಿದವನು ಆತ. ಅವನು ಸತ್ತು ಸುಮಾರು ಮುನ್ನೂರು ವರ್ಷದ ಮೇಲೆ ಜಸ್ಟಿನಿಯನ್ ಚಕ್ರವರ್ತಿಗೆ ಅವನ ಬೋಧನೆ ಕಣ್ಣಿಗೆ ಬಿತ್ತು. 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೊತ್ತಿಗೆ ಒರಿಜೆನ್ ಹೆಸರಿಗೆ ಶಾಪ ಅಂಟಿತು. ಆ ಖಂಡನೆಯ ಸಾಲುಗಳನ್ನು ಮಹಾಸಭೆಯೇ ಒಪ್ಪಿತ್ತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಆತ್ಮಗಳು ಹುಟ್ಟುವ ಮೊದಲೇ ಇದ್ದವು ಎಂಬ ವಿಚಾರದ ಜೊತೆ ಇದನ್ನೂ ಗಂಟುಕಟ್ಟಿ ಎಸೆದರು. ಇದನ್ನೇ ಬೋಧಿಸಿದ ನಿಸ್ಸಾದ ಗ್ರೆಗರಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅವನು ಇವತ್ತಿಗೂ ಸಂತ. ಪಶ್ಚಿಮದಲ್ಲಿ ಬಿಷಪ್ ಅಗಸ್ಟೀನ್ ನಿತ್ಯ ನರಕದ ಪರ ಬಲವಾಗಿ ವಾದಿಸಿದ, ಅಲ್ಲಿ ಅವನ ಮಾತೇ ಗೆದ್ದಿತು. ಆದರೆ ನಿತ್ಯ ಶಿಕ್ಷೆಯನ್ನು ಒಪ್ಪದ ಕ್ರೈಸ್ತರು ತುಂಬಾ ಮಂದಿ ಇದ್ದಾರೆ ಎಂದು ಅವನೇ ಬರೆದಿದ್ದಾನೆ.

ಆಮೇಲಿನ ಕಾಲದಲ್ಲೂ ಈ ದನಿ ನಿಲ್ಲಲಿಲ್ಲ. 1770ರಲ್ಲಿ ಅಮೆರಿಕಕ್ಕೆ ಹೋದ ಜಾನ್ ಮರ್ರೆ ಅಲ್ಲಿ ಇದನ್ನೇ ಸಾರಿ ಒಂದು ಸಭೆಯ ಹುಟ್ಟಿಗೆ ಕಾರಣನಾದ. ನಮ್ಮ ಕಾಲಕ್ಕೆ ಬಂದರೆ ಸ್ವಿಟ್ಜರ್ಲೆಂಡಿನ ಕಥೋಲಿಕ ಪಂಡಿತ ಬಾಲ್ತಸಾರ್ ಇದ್ದಾರೆ. ಎಲ್ಲರೂ ರಕ್ಷಣೆ ಹೊಂದುತ್ತಾರೆ ಎಂದು ಖಚಿತವಾಗಿ ಹೇಳಲಾಗದು, ಆದರೆ ಹಾಗೆ ಆಶಿಸುವುದು ಕ್ರೈಸ್ತರ ಕರ್ತವ್ಯ ಎಂದರು ಅವರು. 1988ರಲ್ಲಿ ಪೋಪ್ ಅವರನ್ನು ಕಾರ್ಡಿನಲ್ ಎಂದು ಹೆಸರಿಸಿದರು. ಪದವಿ ಸ್ವೀಕರಿಸಲು ಎರಡು ದಿನವಿರುವಾಗ ತೀರಿಕೊಂಡರು. ಅವರ ಮಾತು ಎಚ್ಚರಿಕೆಯದು, ಸಭೆಯ ಚೌಕಟ್ಟಿನೊಳಗಿನದು. ನನಗೆ ಅದು ಅರ್ಧ ದಾರಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಪೌಲ ಅಷ್ಟು ಅಳೆದು ಸುರಿದು ಮಾತಾಡಲಿಲ್ಲ.

ನನ್ನ ಮನಸ್ಸಿಗೆ ಬಹಳ ಹತ್ತಿರವಾದವನು ಏಳನೇ ಶತಮಾನದಲ್ಲಿ ಸಿರಿಯಾಕ್ ಭಾಷೆಯಲ್ಲಿ ಬರೆದ ಸನ್ಯಾಸಿ ಇಸಾಕ್. ಹುಟ್ಟಿದ್ದು ಈಗಿನ ಕತಾರ್ ಕಡೆಯ ಕೊಲ್ಲಿ ತೀರದಲ್ಲಿ. ಬಿಷಪ್ ಆದದ್ದು ಅದೇ ಯೋನನ ನಿನೆವೆಯಲ್ಲಿ. ಐದು ತಿಂಗಳಿಗೇ ಪದವಿ ಬಿಟ್ಟು ಗುಡ್ಡ ಹತ್ತಿದ. ನಮ್ಮ ಪಕ್ಕದ ಕೇರಳದ ಸಿರಿಯನ್ ಕ್ರೈಸ್ತರು ಶತಮಾನಗಳ ಕಾಲ ಸಂಬಂಧ ಇಟ್ಟುಕೊಂಡಿದ್ದ ಸಭೆಯವನೇ ಆತ. ಅವನ ಬರಹಗಳ ಒಂದು ದೊಡ್ಡ ಭಾಗ ಕಳೆದೇಹೋಗಿದೆ ಎಂದುಕೊಂಡಿದ್ದರು. 1983ರಲ್ಲಿ ಸೆಬಾಸ್ಟಿಯನ್ ಬ್ರಾಕ್ ಎಂಬ ವಿದ್ವಾಂಸರಿಗೆ ಅದು ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿ ಸಿಕ್ಕಿತು. ನರಕವೂ ದೇವರ ಕರುಣೆಯ ಏರ್ಪಾಡೇ, ಸೇಡಿಗೆ ದೇವರಲ್ಲಿ ಜಾಗವಿಲ್ಲ ಎಂದು ಅದರಲ್ಲಿ ಬರೆದಿದ್ದಾನೆ. ನರಕದಲ್ಲಿರುವವರನ್ನು ಹೊಡೆಯುವುದು ಪ್ರೀತಿಯ ಚಾಟಿ ಎನ್ನುವುದು ಇನ್ನೊಂದು ಕಡೆ ಅವನೇ ಹೇಳುವ ಮಾತು. ಯಾರನ್ನು ನೋಯಿಸಿದೆವೋ ಅವರು ನಮ್ಮನ್ನು ಎಷ್ಟು ಪ್ರೀತಿಸಿದ್ದರು ಎಂದು ತಡವಾಗಿ ತಿಳಿಯುವ ಸಂಕಟ. ಮನುಷ್ಯರಿಗಾಗಿ, ಹಕ್ಕಿಗಳಿಗಾಗಿ, ಪ್ರಾಣಿಗಳಿಗಾಗಿ, ದೆವ್ವಗಳಿಗಾಗಿ ಕೂಡ ಉರಿಯುವುದೇ ಕರುಣೆಯುಳ್ಳ ಹೃದಯ ಎಂದವನು ಅವನು.

‘ಮನುಷ್ಯ ಬೇಡ ಎಂದರೆ ದೇವರು ಬಲವಂತ ಮಾಡುತ್ತಾನಾ?’ ಒಳ್ಳೆಯ ಪ್ರಶ್ನೆ. ಕುಡಿತಕ್ಕೆ ಬಿದ್ದವನ ಮನೆಯವರನ್ನು ಕೇಳಿ. ಬಾಟಲಿ ಹಿಡಿದವನು ಸ್ವತಂತ್ರ ಅಂತ ಅವರು ಯಾವತ್ತೂ ಹೇಳುವುದಿಲ್ಲ. ಬಿಟ್ಟ ದಿನ ಅವನು ಸ್ವತಂತ್ರ. ಇಸ್ತಾನ್‌ಬುಲ್‌ನ ಈಗ ಮಸೀದಿಯಾಗಿರುವ ಹಳೆಯ ಕೋರಾ ಚರ್ಚಿನಲ್ಲಿ 14ನೇ ಶತಮಾನದ ಆರಂಭದ ಒಂದು ಭಿತ್ತಿಚಿತ್ರ ಇದೆ. ಸತ್ತ ಕ್ರಿಸ್ತ ಪಾತಾಳಕ್ಕೆ ಇಳಿದಿದ್ದಾನೆ. ಕಾಲ ಕೆಳಗೆ ಮುರಿದ ಬಾಗಿಲು, ಚೆಲ್ಲಾಡಿದ ಬೀಗ, ಚಿಲಕ, ಮೊಳೆ. ಒಂದು ಕೈಯಲ್ಲಿ ಆದಾಮ, ಇನ್ನೊಂದು ಕೈಯಲ್ಲಿ ಹವ್ವಳನ್ನು ಗೋರಿಯಿಂದ ಎಳೆಯುತ್ತಿದ್ದಾನೆ. ಹತ್ತಿರದಿಂದ ನೋಡಿ. ಅವರ ಅಂಗೈ ಹಿಡಿದಿಲ್ಲ, ಮಣಿಕಟ್ಟು ಹಿಡಿದಿದ್ದಾನೆ. ಸತ್ತವರಿಗೆ ಕೈ ಚಾಚಿ ಹಿಡಿದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಈಗ ಕಷ್ಟದ ಮಾತಿಗೆ ಬರುತ್ತೇನೆ. 2000ನೇ ಇಸವಿಯ ಮಾರ್ಚ್‌ನಲ್ಲಿ, ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಬೆಂಕಿ ಹಚ್ಚಿದವರು ಯಾರೇ ಇರಲಿ, ಅವರಿಗೂ ಸ್ವರ್ಗವಾ?

ಈ ಪ್ರಶ್ನೆಗೆ ಬೇಗ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಸತ್ತವರ ಪರವಾಗಿ ಕ್ಷಮಿಸುವ ಹಕ್ಕು ನನಗಿಲ್ಲ, ಯಾವ ಪಾದ್ರಿಗೂ ಇಲ್ಲ. ಆದರೆ ಎರಡು ವಿಷಯ ಯೋಚಿಸಿ. ಮೊದಲನೆಯದು, ಇಲ್ಲಿ ತಪ್ಪಿಸಿಕೊಂಡ ತೀರ್ಪನ್ನು ಅಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ತಾನು ಸುಟ್ಟವರ ಎದುರು, ಅವರ ಕಣ್ಣಿಗೆ ಕಣ್ಣಿಟ್ಟು ಅವನು ನಿಲ್ಲಬೇಕು. ಮಾಡಿದ್ದನ್ನು ಪೂರ್ತಿ ಕಾಣಬೇಕು, ಅವರು ಪಟ್ಟ ನೋವು ಅವನಿಗೆ ತಾಗಬೇಕು. ಅದು ಎಷ್ಟು ಕಾಲ ಬೇಕೋ ಅಷ್ಟು ಕಾಲ. ಎರಡನೆಯದು, ಅವನು ಯಾವತ್ತಿಗೂ ಅಲ್ಲಿ ಬೊಬ್ಬೆ ಹಾಕುತ್ತಲೇ ಇದ್ದರೆ ಅವನ ದ್ವೇಷವೂ ಅವನೊಂದಿಗೆ ಯಾವತ್ತಿಗೂ ಉಳಿಯುತ್ತದೆ. ನರಕ ಶಾಶ್ವತವಾದರೆ ಜಾತಿಯ ದ್ವೇಷವೂ ಶಾಶ್ವತ, ದೇವರ ಸೃಷ್ಟಿಯ ಒಂದು ಮೂಲೆಯಲ್ಲಿ. ಸತ್ತವರಿಗೆ ಅದರಿಂದ ನ್ಯಾಯ ಸಿಕ್ಕಿತಾ? ಅವನು ಕೊನೆಗೂ ಅತ್ತು, ಅವರ ಕಾಲು ಹಿಡಿದು, ಅವರು ಎಬ್ಬಿಸಿ ನಿಲ್ಲಿಸಿದ ದಿನ ಆ ದ್ವೇಷ ನಿಜವಾಗಿ ಸಾಯುತ್ತದೆ. ಇದಕ್ಕಿಂತ ದೊಡ್ಡ ನ್ಯಾಯ ನನಗೆ ಕಾಣುವುದಿಲ್ಲ.

ಇಲ್ಲಿರುವ ಹಿಂದೂ ಸ್ನೇಹಿತರಿಗೆ ಈ ಚರ್ಚೆ ಹೊಸದೇನಲ್ಲ. ಕೆಲವು ಜೀವಗಳಿಗೆ ಮೋಕ್ಷವೇ ಇಲ್ಲ, ಅವು ನಿತ್ಯ ಕತ್ತಲೆಗೆ ಹೋಗುತ್ತವೆ ಎಂದು ಮಧ್ವಾಚಾರ್ಯರ ಮತ ಹೇಳುತ್ತದೆ. ಇನ್ನೊಂದು ಕಡೆ ನಮ್ಮ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜಾಚಾರ್ಯರ ಕಥೆ ಇದೆ. ಗುರು ತಿರುಕ್ಕೋಷ್ಟಿಯೂರ್ ನಂಬಿ ಗುಟ್ಟಾಗಿ ಕೊಟ್ಟ ಮಂತ್ರವನ್ನು ಅವರು ಗೋಪುರ ಹತ್ತಿ ಎಲ್ಲರಿಗೂ ಕೇಳುವಂತೆ ಸಾರಿದರಂತೆ. ಗುರು ಆಜ್ಞೆ ಮೀರಿದರೆ ನರಕ ಅಂತ ಗೊತ್ತಿಲ್ವಾ ಎಂದಾಗ, ಇಷ್ಟು ಜನ ಉದ್ಧಾರವಾಗುವುದಾದರೆ ನಾನೊಬ್ಬ ನರಕಕ್ಕೆ ಹೋಗಲು ಸಿದ್ಧ ಎಂದರಂತೆ. ಪೌಲನೂ ರೋಮಾಪುರದವರಿಗೆ ಬರೆದ ಪತ್ರದಲ್ಲಿ, ನನ್ನ ಜನಕ್ಕೋಸ್ಕರ ನಾನೇ ಕ್ರಿಸ್ತನಿಂದ ದೂರವಾದರೂ ಸರಿ ಎನ್ನುತ್ತಾನೆ. ಬೇರೆ ನೆಲ, ಬೇರೆ ದೇವರ ಹೆಸರು. ಎರಡನ್ನೂ ಒಂದು ಮಾಡಲು ನಾನು ಹೊರಟಿಲ್ಲ. ಆದರೆ ಜನರನ್ನು ಪ್ರೀತಿಸಿದವರು ಅವರನ್ನು ಬಿಟ್ಟು ತಾವೊಬ್ಬರೇ ಒಳಗೆ ಹೋಗಲು ಒಪ್ಪಲಿಲ್ಲ ಎಂಬುದು ಎರಡೂ ಕಡೆ ಕಾಣುತ್ತದೆ. ಪೌಲನಿಗೆ ಅಷ್ಟು ಪ್ರೀತಿ ಇದ್ದರೆ, ಆ ಪ್ರೀತಿಯನ್ನು ಅವನಿಗೆ ಕೊಟ್ಟ ದೇವರಿಗೆ ಅದಕ್ಕಿಂತ ಕಡಿಮೆ ಇರಲು ಸಾಧ್ಯವಾ?

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸಬೇಕು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ಕೇಳಿದರು: ‘ಸರ್, ನಮ್ಮ ಅಜ್ಜಿ ಕೊನೆವರೆಗೂ ಹಿಂದೂ ಆಗಿಯೇ ಇದ್ದರು. ಚರ್ಚಿನ ಪೂಜೆಯಲ್ಲಿ ಅವರ ಹೆಸರು ಹೇಳಿಸಬಹುದಾ? ಯಾರನ್ನೂ ಕೇಳೋಕೆ ಧೈರ್ಯ ಆಗಿಲ್ಲ.’

ಖಂಡಿತ ಪ್ರಾರ್ಥಿಸಬಹುದು ಅಮ್ಮ. ಸತ್ತವರಿಗಾಗಿ ಪ್ರಾರ್ಥಿಸುವ ವಿಷಯದಲ್ಲಿ ಸಿಎಸ್‌ಐ ಸಭೆಗಳಲ್ಲಿ ಹಿಂಜರಿಕೆ ಇದೆ, ಅವರಿಗೆ ಅವರ ಕಾರಣಗಳಿವೆ. ಆದರೆ ಸತ್ತವರಿಗೂ ಸುವಾರ್ತೆ ಸಾರಲಾಯಿತು ಎಂದು ಪೇತ್ರನ ಮೊದಲ ಪತ್ರದಲ್ಲಿರುವುದು ಎಲ್ಲರ ಬೈಬಲಿನಲ್ಲೂ ಇದೆ. ಕಥೋಲಿಕ ಪೂಜೆಯ ನಾಲ್ಕನೇ ಸ್ತುತಿ ಪ್ರಾರ್ಥನೆಯಲ್ಲಿ ಗುರುಗಳು, ಯಾರ ವಿಶ್ವಾಸ ದೇವರೊಬ್ಬನಿಗೇ ಗೊತ್ತೋ ಅಂಥ ಎಲ್ಲ ಮೃತರನ್ನೂ ನೆನೆಯುತ್ತಾರೆ. ನಿಮ್ಮ ಅಜ್ಜಿ ಆ ಸಾಲಿನಲ್ಲಿ ಈಗಾಗಲೇ ಇದ್ದಾರೆ. ನವೆಂಬರ್ 2ರಂದು ಸಮಾಧಿಗೆ ಸೇವಂತಿಗೆ, ಮೇಣದಬತ್ತಿ ತೆಗೆದುಕೊಂಡು ಹೋಗುತ್ತೀರಲ್ಲ, ಅವತ್ತೂ ಅವರನ್ನು ಸೇರಿಸಿಕೊಳ್ಳಿ. ಈ ಭಾನುವಾರ ಒಂದು ಚೀಟಿಯಲ್ಲಿ ಅವರ ಹೆಸರು ಬರೆದು, ಪೂಜೆ ಶುರುವಾಗುವ ಮುಂಚೆ ಗುರುಗಳ ಕೈಗೆ ಕೊಡಿ. ಅವರು ಏನಾದರೂ ಕೇಳಿದರೆ ‘ನಮ್ಮಜ್ಜಿ’ ಅಂತ ಹೇಳಿ.